ಹೊಸ ಬ್ರೌಸರ್‌ಗೆ ಹೋಗೋದು ಹೇಗೆ: ಮೊದಲು ಏನು, ಕೊನೆಗೆ ಏನು

"ಹೊಸ ಬ್ರೌಸರ್ ಹಾಕಿಕೊಂಡೆ, ಪಾಸ್‌ವರ್ಡ್ ಎಲ್ಲಾ ಹೋಯಿತು." "ಬ್ಯಾಂಕ್ ಸೈಟ್ ತೆರೆಯುತ್ತಿಲ್ಲ." "ಮೂರು ದಿನ ನೋಡಿದೆ, ಕೈಗೆ ಒಗ್ಗಲಿಲ್ಲ, ಹಳೇದಕ್ಕೇ ವಾಪಸ್ ಬಂದೆ." ನನಗೆ ಬರುವ ಫೋನ್‌ಗಳಲ್ಲಿ ಈ ಮೂರರಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಕೆದಕಿ ಕೇಳಿದರೆ ಎಲ್ಲರದ್ದೂ ಒಂದೇ ಕಥೆ. ಇನ್‌ಸ್ಟಾಲ್ ಆದ ಐದನೇ ನಿಮಿಷಕ್ಕೆ ಹೊಸದನ್ನು ಡೀಫಾಲ್ಟ್ (ಲಿಂಕ್ ಒತ್ತಿದರೆ ತಾನಾಗೇ ತೆರೆಯುವ ಬ್ರೌಸರ್) ಮಾಡಿರುತ್ತಾರೆ, ಹಳೇದನ್ನು ಕಿತ್ತು ಹಾಕಿರುತ್ತಾರೆ, ಅದಾದ ಮೇಲೆ ತಮಗೆ ಏನು ಬೇಕಿತ್ತು ಅಂತ ಯೋಚಿಸಲು ಕೂರುತ್ತಾರೆ. ಕ್ರಮ ಪೂರಾ ಉಲ್ಟಾ.

ಯಾವ ಬ್ರೌಸರ್ ಎಲ್ಲಕ್ಕಿಂತ ಚೆನ್ನ ಅಂತ ನಾನು ಹೇಳುವುದಿಲ್ಲ. ನನಗೆ ಹೊಂದಿದ್ದು ನಮ್ಮಪ್ಪನಿಗೆ ಹೊಂದಲಿಲ್ಲ, ಅಪ್ಪನಿಗೆ ಹೊಂದಿದ್ದು ಭಾವನಿಗೆ ಆಗಲಿಲ್ಲ. ನಿಮಗೆ ಯಾವುದು ಅಂತ ನೀವೇ ಕಂಡುಕೊಳ್ಳೋದು ಹೇಗೆ, ಕಂಡುಕೊಂಡ ಮೇಲೆ ಏನೂ ಕಳೆದುಕೊಳ್ಳದೆ ದಾಟೋದು ಹೇಗೆ, ಅಷ್ಟೇ ಇಲ್ಲಿ.

## ಶುರು ಮಾಡುವ ಮುನ್ನ ಕೈಗೆ ಸಿಗುವಂತೆ ಇರಲಿ

ಒಂದು ಹಾಳೆ, ಒಂದು ಪೆನ್ನು. ಖಾಲಿ ಪೆನ್‌ಡ್ರೈವ್. ಒಂದೂವರೆ ಗಂಟೆ ಬಿಡುವು. ಒಟಿಪಿ ಬರುವ ಸಿಮ್ ಇರುವ ಫೋನ್, ಚಾರ್ಜ್ ಆಗಿರಲಿ.

ಇನ್ನೊಂದು ಮುಖ್ಯ. ನಿಮ್ಮ ಈಮೇಲ್ ಪಾಸ್‌ವರ್ಡ್ ನಿಮಗೆ ಬಾಯಿಪಾಠ ಬರುತ್ತದಾ? ನೂರಕ್ಕೆ ತೊಂಬತ್ತು ಜನಕ್ಕೆ ಬರೋದಿಲ್ಲ ಅಂತ ನನ್ನ ಅಂದಾಜು, ಯಾಕೆಂದರೆ ವರ್ಷಗಟ್ಟಲೆ ಬ್ರೌಸರ್ರೇ ಅದನ್ನು ತುಂಬಿಕೊಟ್ಟಿರುತ್ತದೆ. ಹೊಸ ಬ್ರೌಸರ್‌ಗೆ ನೀವು ಹೊಸಬರು, ಅದು ಎಲ್ಲವನ್ನೂ ಮೊದಲಿನಿಂದ ಕೇಳುತ್ತದೆ. ಹಾಗಾಗಿ ಹಳೇ ಬ್ರೌಸರ್ ಇನ್ನೂ ತೆರೆದಿರುವಾಗಲೇ ಈಮೇಲ್ ಪಾಸ್‌ವರ್ಡ್ ಯಾವುದು ಅಂತ ನೋಡಿಕೊಳ್ಳಿ. ಆ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರ್ ಈಗಲೂ ನಿಮ್ಮದೇನಾ ಅಂತಲೂ ನೋಡಿ. ಮೂರು ವರ್ಷದ ಹಿಂದೆ ಬಿಟ್ಟ ಸಿಮ್ಮಿನ ನಂಬರ್ ಅಲ್ಲೇ ಕೂತಿರುತ್ತದೆ.

## ಹಂತ 1: ವಾರದಲ್ಲಿ ನೀವು ಏನು ಮಾಡುತ್ತೀರಿ, ಬರೆಯಿರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ.

ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ನೀವು ನೋಡಿದ ಪುಟಗಳ ಪಟ್ಟಿ ಬರುತ್ತದೆ. ಏಳು ದಿನ ಹಿಂದಕ್ಕೆ ಹೋಗಿ. ಯಾವ ಸೈಟ್‌ಗೆ ಜಾಸ್ತಿ ಹೋಗಿದ್ದೀರಿ, ಯಾವುದರಲ್ಲಿ ಲಾಗಿನ್ ಆಗಿದ್ದೀರಿ, ಯಾವುದರಲ್ಲಿ ದುಡ್ಡು ಕಟ್ಟಿದ್ದೀರಿ, ಎಲ್ಲಿಂದ ಪ್ರಿಂಟ್ ತೆಗೆದಿದ್ದೀರಿ, ಎಲ್ಲ ಹಾಳೆಗೆ ಇಳಿಸಿ. ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡುವ ಕೆಲಸವನ್ನು ನೆನಪು ಮಾಡಿಕೊಂಡು ಸೇರಿಸಿ: ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ, ಪಹಣಿ ತೆಗೆಯೋದು, ಮಕ್ಕಳ ಪರೀಕ್ಷೆ ಅರ್ಜಿ. ಬ್ರೌಸರ್ ಕೈಕೊಡೋದು ಯಾವಾಗಲೂ ಇಂಥ ಅಪರೂಪದ ಕೆಲಸದ ದಿನವೇ.

ಈಗ ಅದೇ ಹಾಳೆಯ ಹಿಂಬದಿಯಲ್ಲಿ ಮೂರು ಸಾಲು ಮಾಡಿ. ಇದಿಲ್ಲದೆ ಆಗೋದೇ ಇಲ್ಲ, ಇದ್ದರೆ ಚೆನ್ನ, ಇದರಿಂದ ತಲೆ ಕೆಡುತ್ತದೆ.

ನಮ್ಮಪ್ಪನ ಹಾಳೆ ನನ್ನ ಹತ್ತಿರ ಇದೆ. ಮೊದಲ ಸಾಲಿನಲ್ಲಿ "ಅಕ್ಷರ ದೊಡ್ಡದು" ಅಂತ ಒಂದೇ ಮಾತು. ಎರಡನೆಯದು ಖಾಲಿ. ಮೂರನೆಯದರಲ್ಲಿ "ಪೇಪರ್ ಓದುವಾಗ ಮಧ್ಯೆ ಬರುವ ವಿಡಿಯೋ" ಅಂತ ಬರೆದು ಎರಡು ಸಲ ಅಡಿಗೆರೆ ಎಳೆದಿದ್ದಾರೆ. ಇಷ್ಟು ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ನನ್ನ ಹಾಳೆ ಇದಕ್ಕಿಂತ ಗೊಂದಲವಾಗಿತ್ತು. ಹದಿನಾಲ್ಕು ಬೇಡಿಕೆ ಬರೆದಿದ್ದೆ, ಅದರಲ್ಲಿ ಒಂಬತ್ತನ್ನು ಒಂದು ವಾರದಲ್ಲಿ ಒಮ್ಮೆಯೂ ಬಳಸಲಿಲ್ಲ.

ತಪ್ಪುವ ಜಾಗ: "ಸ್ಪೀಡ್ ಇರಬೇಕು" ಅಂತ ಬರೆಯೋದು. ಯಾವ ಕೆಲಸದಲ್ಲಿ ನಿಧಾನ ಅನ್ನಿಸಿತು ಅಂತ ಬರೆಯಿರಿ. ತೆರೆಯುವಾಗಲಾ, ಇಪ್ಪತ್ತು ಟ್ಯಾಬ್ ಆದ ಮೇಲಾ, ವಿಡಿಯೋ ಕಾಲ್‌ನಲ್ಲಾ? ಮೂರಕ್ಕೂ ಮದ್ದು ಬೇರೆ ಬೇರೆ.

## ಹಂತ 2: ಒಳಗಿನ ಇಂಜಿನ್ ಯಾವುದು ನೋಡಿ

ಹೊರಗೆ ಹೆಸರು ಹತ್ತಾರು. ಒಳಗೆ ಇಂಜಿನ್, ಅಂದರೆ ಪುಟವನ್ನು ಪರದೆ ಮೇಲೆ ಮೂಡಿಸುವ ಭಾಗ, ಮುಖ್ಯವಾಗಿ ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಸ್ಯಾಮ್‌ಸಂಗ್ ಫೋನ್‌ನಲ್ಲಿ ಬರುವ ಬ್ರೌಸರ್, ಝೋಹೋದವರು 2023ರಲ್ಲಿ ತಂದ ಉಲಾ, ಇವೆಲ್ಲ ಕ್ರೋಮಿಯಂ ಮನೆತನ. ಫೈರ್‌ಫಾಕ್ಸ್‌ದು ಗೆಕೋ. ಆಪಲ್‌ನ ಸಫಾರಿದು ವೆಬ್‌ಕಿಟ್.

ಇದು ಯಾಕೆ ಬೇಕು ಅಂದರೆ, ಒಂದು ಸೈಟ್ ಕ್ರೋಮ್‌ನಲ್ಲಿ ಕೆಟ್ಟು ನಿಂತಾಗ ಬ್ರೇವ್‌ಗೆ ಹೋದರೆ ಬಹಳ ಸಲ ಅಲ್ಲೂ ಅದೇ ಗತಿ. ಇಬ್ಬರೂ ಅಣ್ಣತಮ್ಮಂದಿರು. ಅದಕ್ಕೇ ಪರೀಕ್ಷೆಗೆ ಎರಡು ಬ್ರೌಸರ್ ಆರಿಸುವಾಗ ಬೇರೆ ಬೇರೆ ಮನೆತನದ್ದು ಇರಲಿ. ಕೊನೆಗೆ ಯಾವುದು ಗೆದ್ದರೂ ಇನ್ನೊಂದು ಸ್ಟೆಪ್ನಿಯಾಗಿ ಉಳಿಯುತ್ತದೆ.

ಐಫೋನ್ ಇರುವವರಿಗೆ ಒಂದು ಮಾತು. ನಮ್ಮಲ್ಲಿ ಐಫೋನ್‌ನೊಳಗೆ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ಓಡೋದು ವೆಬ್‌ಕಿಟ್ಟೇ. ಬುಕ್‌ಮಾರ್ಕ್ (ಉಳಿಸಿಟ್ಟ ಪುಟಗಳ ವಿಳಾಸ), ಪಾಸ್‌ವರ್ಡ್ ಕಂಪ್ಯೂಟರ್ ಜೊತೆ ಹೊಂದಬೇಕು ಅನ್ನೋದಾದರೆ ಬದಲಾಯಿಸಿ. ಸೈಟ್ ಬೇರೆ ಥರ ಕಾಣಬಹುದು ಅನ್ನೋ ಆಸೆಯಿಂದ ಬದಲಾಯಿಸಬೇಡಿ.

ಹಳೇ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 7 ಓಡಿಸುತ್ತಿದ್ದೀರಾ? ಅದಕ್ಕೆ ಕ್ರೋಮ್ 109ನೇ ಆವೃತ್ತಿಗೆ ನಿಂತುಹೋಗಿದೆ, ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿಗೆ. ಅಲ್ಲಿ ಬ್ರೌಸರ್ ಆರಿಸುವ ಪ್ರಶ್ನೆ ಆಮೇಲೆ, ಅದರಲ್ಲಿ ಬ್ಯಾಂಕ್ ಕೆಲಸ ಮಾಡೋದನ್ನು ಮೊದಲು ನಿಲ್ಲಿಸಿ.

## ಹಂತ 3: ಹಾಳೆಯನ್ನು ಹೆಸರುಗಳ ಪಕ್ಕ ಇಟ್ಟು ನೋಡಿ

ಜಾಹೀರಾತು ತಲೆ ಕೆಡಿಸುತ್ತಿದ್ದರೆ. ಬ್ರೇವ್, ವಿವಾಲ್ಡಿ, ಒಪೆರಾದಲ್ಲಿ ತಡೆಯುವ ವ್ಯವಸ್ಥೆ ಒಳಗೇ ಇದೆ. ಬ್ರೇವ್‌ನಲ್ಲಿ ಮೊದಲ ದಿನದಿಂದ ಚಾಲೂ ಇರುತ್ತದೆ, ಉಳಿದೆರಡರಲ್ಲಿ ನೀವು ಸೆಟ್ಟಿಂಗ್ಸ್‌ಗೆ ಹೋಗಿ ನೋಡಿಕೊಳ್ಳಬೇಕು. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ನಿಯಮ ಬದಲಾಯಿಸಿದ ಮೇಲೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅಲ್ಲಿ ಓಡುತ್ತಿಲ್ಲ, ಅದರ ಹಗುರ ರೂಪ ಯುಬ್ಲಾಕ್ ಒರಿಜಿನ್ ಲೈಟ್ ಮಾತ್ರ ಸಿಗುತ್ತದೆ. ಪೂರ್ತಿ ಯುಬ್ಲಾಕ್ ಬೇಕೆಂದರೆ ಫೈರ್‌ಫಾಕ್ಸ್. ಆಂಡ್ರಾಯ್ಡ್ ಫೋನ್‌ನ ಫೈರ್‌ಫಾಕ್ಸ್‌ನಲ್ಲೂ ಅದು ಕೂರುತ್ತದೆ. ಫೋನ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕುವ ಜಾಗವೇ ಇಲ್ಲ. ಅಪ್ಪನ ಅಡಿಗೆರೆಗೆ ಉತ್ತರ ಇಲ್ಲೇ ಸಿಕ್ಕಿತು.

ಕನ್ನಡ ಓದೋದು ಜಾಸ್ತಿ ಇದ್ದರೆ. ಇದನ್ನು ಯಾವ ಹೋಲಿಕೆಪಟ್ಟಿಯೂ ನೋಡುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬ್ರೌಸರ್ ಬದಲಾದಾಗ ಕನ್ನಡಕ್ಕೆ ಬರುವ ಫಾಂಟ್ ಕೂಡ ಬದಲಾಗಬಹುದು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬರೋದು ತುಂಗಾ ಅಥವಾ ನಿರ್ಮಲಾ. ಅಳತೆ ಒಂದೇ ಕೊಟ್ಟರೂ ಎರಡೂ ಒಂದೇ ದಪ್ಪ ಕಾಣೋದಿಲ್ಲ. ಪರೀಕ್ಷೆ ಮಾಡೋದು ಸುಲಭ. ಒಂದು ಕನ್ನಡ ಸುದ್ದಿಪುಟ ತೆರೆದು "ರಾಷ್ಟ್ರ", "ಸ್ವಾತಂತ್ರ್ಯ", "ವಸ್ತ್ರ" ಇಂಥ ಪದ ಹುಡುಕಿ. ಷಕಾರದ ಕೆಳಗೆ ಟ ಒತ್ತು, ಅದರ ಬಾಲಕ್ಕೆ ರ ಒತ್ತು. ಸಣ್ಣ ಅಕ್ಷರದಲ್ಲಿ ಇವೆರಡೂ ಕಲಸಿಕೊಂಡು ಕಪ್ಪು ಚುಕ್ಕಿಯ ಥರ ಆಗಿಬಿಟ್ಟರೆ, ಇಲ್ಲಾ ಒತ್ತಿನ ತುದಿ ಕೆಳಗಿನ ಸಾಲಿಗೆ ತಾಗುತ್ತಿದ್ದರೆ, ಗಂಟೆಗಟ್ಟಲೆ ಓದುವ ಕಣ್ಣಿಗೆ ಅದು ಶಿಕ್ಷೆ.

ಫೈರ್‌ಫಾಕ್ಸ್‌ನ ಫಾಂಟ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಕನ್ನಡ ಅಂತಲೇ ಬೇರೆ ಇದೆ. ಇಂಗ್ಲಿಷ್ ಅಕ್ಷರ ಮುಟ್ಟದೆ ಕನ್ನಡಕ್ಕೆ ಮಾತ್ರ ಬೇರೆ ಫಾಂಟ್, ಬೇರೆ ಅಳತೆ, "ಇದಕ್ಕಿಂತ ಸಣ್ಣದು ತೋರಿಸಬೇಡ" ಅನ್ನೋ ಮಿತಿ ಎಲ್ಲ ಕೊಡಬಹುದು. ಅಪ್ಪನಿಗೆ 20 ಅಂತ ಹಾಕಿಕೊಟ್ಟೆ. ಕನ್ನಡಕ ಹಣೆ ಮೇಲೆ ಏರಿಸಿ ಓದಲು ಶುರು ಮಾಡಿದರು, ನನ್ನ ಕೆಲಸ ಮುಗಿಯಿತು.

ಓದೋದಕ್ಕಿಂತ ಕೇಳೋದು ಇಷ್ಟ ಅನ್ನೋರಿಗೆ ಎಡ್ಜ್. ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದುತ್ತದೆ. ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ಧ್ವನಿ ಇವೆ. ಇಂಟರ್‌ನೆಟ್ ಇರಬೇಕು. ಅಂಕಿಗಳನ್ನು ಒಂದೊಂದು ಸಲ ವಿಚಿತ್ರವಾಗಿ ಓದುತ್ತದೆ, ಆದರೆ ಅಡುಗೆ ಮಾಡುತ್ತಾ ಅಂಕಣ ಕೇಳಲು ಧಾರಾಳ ಸಾಕು.

ಹಳೇ ನುಡಿ, ಬರಹ ಫಾಂಟ್‌ನಲ್ಲಿ ಹಾಕಿದ ಪುಟಗಳು ಗೀಚಿದಂತೆ ಕಂಡರೆ ಬ್ರೌಸರ್‌ಗೆ ಬೈಯಬೇಡಿ. ಅವು ಯೂನಿಕೋಡ್‌ನಲ್ಲಿಲ್ಲ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿಲ್ಲ. ಯಾವುದಕ್ಕೆ ಹೋದರೂ ಹಾಗೇ ಕಾಣುತ್ತವೆ.

ಟ್ಯಾಬ್ ನಲವತ್ತು ದಾಟುತ್ತದೆ ಅನ್ನೋರಿಗೆ. ಟ್ಯಾಬ್ ಪಟ್ಟಿಯನ್ನು ಎಡಬದಿಗೆ ಉದ್ದಕ್ಕೆ ಇಡುವ ಸೌಲಭ್ಯ ಎಡ್ಜ್, ಬ್ರೇವ್, ವಿವಾಲ್ಡಿಯಲ್ಲಿದೆ. ಫೈರ್‌ಫಾಕ್ಸ್‌ಗೆ 2025ರಲ್ಲಿ ಬಂತು. ಒಂದು ಪರದೆಯಲ್ಲಿ ಎರಡು ಪುಟ ಪಕ್ಕಪಕ್ಕ ಇಟ್ಟು ಹೋಲಿಸುವ ಕೆಲಸ ದಿನಾ ಇದ್ದರೆ ವಿವಾಲ್ಡಿ ನೋಡಲೇಬೇಕು. ಅದರ ಸೆಟ್ಟಿಂಗ್ಸ್ ಮಾತ್ರ ಒಂದು ಕಾಡು. ಒಳಗೆ ಹೋದವರು ಊಟದ ಹೊತ್ತಿಗೆ ಹೊರಗೆ ಬರುತ್ತಾರೆ.

4 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್. ಕ್ರೋಮಿಯಂ ಮನೆತನದ ಒಳಗೇ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಪವಾಡ ಆಗೋದಿಲ್ಲ. ಮೊದಲು ಈಗಿನ ಬ್ರೌಸರ್‌ನಲ್ಲೇ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ತಿನ್ನುತ್ತಿದೆ ಅಂತ ಕಾಣುತ್ತದೆ. ಕ್ರೋಮ್‌ನಲ್ಲಿ ಮೆಮೊರಿ ಸೇವರ್, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಆನ್ ಮಾಡಿ. ಬಹಳ ಜನರ ತಕರಾರು ಅಲ್ಲಿಗೇ ಮುಗಿಯುತ್ತದೆ, ಬದಲಾಯಿಸುವ ಗೊಡವೆಯೇ ಇಲ್ಲ.

ಆಫೀಸು, ಮನೆ ಬೇರೆ ಇರಬೇಕು. ಇದಕ್ಕೆ ಎರಡು ಬ್ರೌಸರ್ ಬೇಡ, ಒಂದೇ ಬ್ರೌಸರ್‌ನೊಳಗೆ ಎರಡು ಪ್ರೊಫೈಲ್, ಅಂದರೆ ಬೇರೆ ಬೇರೆ ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವ ಎರಡು ಕೋಣೆ, ಸಾಕು. ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಇದೆ. ಒಂದೇ ಕಿಟಕಿಯಲ್ಲಿ ಎರಡು ಈಮೇಲ್ ಖಾತೆ ತೆರೆದಿಡಬೇಕು ಅಂದರೆ ಫೈರ್‌ಫಾಕ್ಸ್‌ನ ಕಂಟೇನರ್ಸ್ ಎಕ್ಸ್‌ಟೆನ್ಶನ್ ಕೆಲಸಕ್ಕೆ ಬರುತ್ತದೆ.

ಬೇರೆಯವರು ನನ್ನ ಬೆನ್ನು ಹತ್ತಬಾರದು. ಫೈರ್‌ಫಾಕ್ಸ್, ಬ್ರೇವ್ ಎರಡೂ ಈ ವಿಷಯದಲ್ಲಿ ಬಿಗಿ. ಆದರೆ ಇನ್‌ಕಾಗ್ನಿಟೋ ಕಿಟಕಿ ತೆರೆದರೆ ಯಾರಿಗೂ ಕಾಣೋದಿಲ್ಲ ಅಂತ ನಂಬಬೇಡಿ. ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಗುರುತು ಉಳಿಸುವುದಿಲ್ಲ, ಅಷ್ಟೇ. ಆಫೀಸಿನ ನೆಟ್‌ವರ್ಕ್‌ಗೂ ಇಂಟರ್‌ನೆಟ್ ಕಂಪನಿಗೂ ನೀವು ಯಾವ ಸೈಟ್‌ಗೆ ಹೋದಿರಿ ಅನ್ನೋದು ತಿಳಿಯುತ್ತದೆ.

ಹಾಳೆ ನೋಡಿ ಎರಡು ಹೆಸರು ಬರೆಯಿರಿ. ಮೂರು ಬೇಡ. ಮೂರಾದರೆ ಯಾವ ಪಾಸ್‌ವರ್ಡ್ ಎಲ್ಲಿ ಉಳಿಸಿದ್ದೀರಿ ಅಂತ ನಿಮಗೇ ಗೊತ್ತಾಗೋದಿಲ್ಲ.

## ಹಂತ 4: ಗಂಟುಮೂಟೆ ಕಟ್ಟಿ, ಇನ್‌ಸ್ಟಾಲ್ ಮಾಡುವ ಮೊದಲು

ಬುಕ್‌ಮಾರ್ಕ್ ಮೊದಲು. ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಬುಕ್‌ಮಾರ್ಕ್ ಪುಟ ತೆರೆಯುತ್ತದೆ. ಕ್ರೋಮ್‌ನಲ್ಲಾದರೆ ಮೇಲಿನ ಮೂರು ಚುಕ್ಕಿ, ಎಕ್ಸ್‌ಪೋರ್ಟ್. ಫೈರ್‌ಫಾಕ್ಸ್‌ನಲ್ಲಾದರೆ ಇಂಪೋರ್ಟ್ ಅಂಡ್ ಬ್ಯಾಕಪ್, ಅಲ್ಲಿ ಎಕ್ಸ್‌ಪೋರ್ಟ್. ಒಂದು ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ.

ಆಮೇಲೆ ಪಾಸ್‌ವರ್ಡ್. ಕ್ರೋಮ್‌ನಲ್ಲಿ ಮೂರು ಚುಕ್ಕಿ, ಪಾಸ್‌ವರ್ಡ್ ಮ್ಯಾನೇಜರ್, ಅದರ ಸೆಟ್ಟಿಂಗ್ಸ್, ಎಕ್ಸ್‌ಪೋರ್ಟ್. ಕಂಪ್ಯೂಟರ್ ಪಿನ್ ಕೇಳುತ್ತದೆ. ಬರುವ ಸಿಎಸ್‌ವಿ ಫೈಲ್ ಬರೀ ಬರಹ. ಎಕ್ಸೆಲ್‌ನಲ್ಲಿ ತೆರೆದರೆ ನಿಮ್ಮ ಬ್ಯಾಂಕ್, ಈಮೇಲ್, ವಿದ್ಯುತ್ ಬಿಲ್, ಎಲ್ಲದರ ಹೆಸರು ಮತ್ತು ಗುಟ್ಟು ಸಾಲಾಗಿ ಕಾಣುತ್ತದೆ. ಬೀಗ ಇಲ್ಲ.

ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಈ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಮರೆತುಬಿಟ್ಟೆ. ಹತ್ತು ದಿನ ಬಿಟ್ಟು ಅದೇ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ, ಬಾಡಿಗೆ ಕರಾರಿನ ಪ್ರಿಂಟ್ ಬೇಕಿತ್ತು. ಅಂಗಡಿಯ ಹುಡುಗ ಚುಚ್ಚಿದ, ಪರದೆ ಮೇಲೆ ಎರಡೇ ಫೈಲ್. ಒಂದು ಕರಾರು, ಇನ್ನೊಂದರ ಹೆಸರು "ಕ್ರೋಮ್ ಪಾಸ್‌ವರ್ಡ್ಸ್". "ಯಾವ್ದು ಸಾರ್, ಎರಡೂನಾ?" ಅಂತ ಕೇಳಿದ. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು. ಆ ರಾತ್ರಿ ಕೂತು ಮೂವತ್ತೊಂದು ಪಾಸ್‌ವರ್ಡ್ ಬದಲಾಯಿಸಿದೆ.

ಹಾಗಾಗಿ ಸಿಎಸ್‌ವಿ ಪೆನ್‌ಡ್ರೈವ್‌ಗೆ ಬೇಡ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳೋದೂ ಬೇಡ, ಈಮೇಲ್ ಅಂತೂ ಬೇಡವೇ ಬೇಡ. ನಿಮ್ಮ ಕಂಪ್ಯೂಟರ್‌ನಲ್ಲೇ ಇರಲಿ, ಹಂತ 6 ಮುಗಿದ ಕೂಡಲೇ ಅಳಿಸಿ. ಅಳಿಸಬೇಕು ಅಂತ ಹಾಳೆಯಲ್ಲಿ ಈಗಲೇ ಬರೆದಿಡಿ.

ಗಂಟಿನೊಳಗೆ ಬರದ ವಸ್ತುಗಳೂ ಇವೆ. ಲಾಗಿನ್ ಆಗಿರುವ ಸ್ಥಿತಿ ಬರೋದಿಲ್ಲ, ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು. ಎಕ್ಸ್‌ಟೆನ್ಶನ್ ಒಳಗಿನ ಮಾಹಿತಿ ಬರೋದಿಲ್ಲ. ಬೆರಳಚ್ಚು ಕೊಟ್ಟು ಒಳಗೆ ಹೋಗುವ ಪಾಸ್‌ಕೀ ಮಾಡಿಕೊಂಡಿದ್ದರೆ ಅದೂ ಸಿಎಸ್‌ವಿಯಲ್ಲಿ ಇರೋದಿಲ್ಲ. ಅದು ಹಳೇ ಬ್ರೌಸರ್‌ನ ಖಾತೆಯಲ್ಲೇ ಉಳಿದಿದ್ದರೆ ಹೊಸ ಬ್ರೌಸರ್‌ನಲ್ಲಿ ಹೊಸ ಪಾಸ್‌ಕೀ ಮಾಡಬೇಕಾಗಬಹುದು. ಮಾಡಲು ಒಳಗೆ ಹೋಗಲೇಬೇಕು, ಆಗ ಹಳೇ ಬ್ರೌಸರ್ ಬೇಕಾಗಬಹುದು. ಅದನ್ನು ಕಿತ್ತುಹಾಕಿದವರು ಇಲ್ಲಿ ಸಿಕ್ಕಿಬೀಳಬಹುದು.

## ಹಂತ 5: ಸರಿಯಾದ ಜಾಗದಿಂದ ಇಳಿಸಿಕೊಳ್ಳಿ

ಬ್ರೌಸರ್ ಹೆಸರು ಹಾಕಿ ಹುಡುಕಿದಾಗ ಮೊದಲು ಬರೋದು ಜಾಹೀರಾತು ಆಗಿರಬಹುದು, ಅದು ಅಸಲಿ ಅಲ್ಲದೆಯೂ ಇರಬಹುದು. ಕಂಪನಿಯ ವಿಳಾಸವನ್ನೇ ಟೈಪ್ ಮಾಡಿ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್, ಫೋನ್‌ನಲ್ಲಿ ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್. "ಫ್ರೀ ಡೌನ್‌ಲೋಡ್" ಅಂತ ಹಸಿರು ಬಟನ್ ಮಿನುಗುವ ಮೂರನೇ ಸೈಟ್‌ಗಳ ಕಡೆ ತಲೆಹಾಕಬೇಡಿ.

ಇನ್‌ಸ್ಟಾಲ್ ಆಗುವಾಗ ಎರಡು ಪ್ರಶ್ನೆ ಬರುತ್ತದೆ. ಡೀಫಾಲ್ಟ್ ಮಾಡಲಾ? ಬೇಡ. ಕಂಪ್ಯೂಟರ್ ಆನ್ ಆದಾಗ ತಾನಾಗೇ ತೆರೆಯಲಾ? ಬೇಡ. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾ ಹೋದವರು ಇಲ್ಲೇ ಎಡವೋದು.

## ಹಂತ 6: ಒಮ್ಮೆ ಮಾತ್ರ ಇಂಪೋರ್ಟ್, ಆಮೇಲೆ ಹದಿನೈದು ನಿಮಿಷ ಸೆಟ್ಟಿಂಗ್ಸ್

ಹೊಸ ಬ್ರೌಸರ್ ತಾನೇ "ಹಳೇದರಿಂದ ತರಲಾ?" ಅಂತ ಕೇಳುತ್ತದೆ. ತರಲಿ. ಬುಕ್‌ಮಾರ್ಕ್ ಸಲೀಸಾಗಿ ಬರುತ್ತವೆ, ಪಾಸ್‌ವರ್ಡ್ ಒಂದೊಂದು ಸಲ ಬರೋದಿಲ್ಲ. ಬರದಿದ್ದರೆ ಹಂತ 4ರ ಸಿಎಸ್‌ವಿ ಫೈಲನ್ನು ಪಾಸ್‌ವರ್ಡ್ ಪುಟದ ಇಂಪೋರ್ಟ್‌ನಲ್ಲಿ ಕೊಡಿ. ಬುಕ್‌ಮಾರ್ಕ್ ಬಂದಮೇಲೆ ಅನುಮಾನಕ್ಕೆ ಎರಡನೇ ಸಲ ತರಬೇಡಿ. ಒಂದೊಂದೂ ಎರಡೆರಡು ಆಗಿ ಕೂರುತ್ತವೆ, ಕೈಯಲ್ಲಿ ಆರಿಸಿ ತೆಗೆಯೋದು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ.

ಮೂರು ಪಾಸ್‌ವರ್ಡ್ ಯದ್ವಾತದ್ವಾ ಆರಿಸಿ ಲಾಗಿನ್ ಆಗಿ ನೋಡಿ. ಆಯಿತಾ? ಸಿಎಸ್‌ವಿ ಫೈಲನ್ನು ಶಿಫ್ಟ್ ಹಿಡಿದು ಡಿಲೀಟ್ ಮಾಡಿ. ಹಾಗೆ ಮಾಡಿದರೆ ಕಸದಬುಟ್ಟಿಗೂ ಹೋಗೋದಿಲ್ಲ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಅದರ ಎರಡನೇ ಪ್ರತಿ ಇದೆಯಾ ಅಂತಲೂ ಕಣ್ಣಾಡಿಸಿ.

ಈಗ ಸೆಟ್ಟಿಂಗ್ಸ್. ಹುಡುಕಾಟದ ಯಂತ್ರ ಯಾವುದು ಅಂತ ನೋಡಿ. ಬ್ರೌಸರ್ ಬೇರೆ, ಹುಡುಕಾಟ ಬೇರೆ. "ಗೂಗಲ್ ಬದಲಾಯಿಸಿಬಿಟ್ಟೆ" ಅನ್ನೋರು ಬಹಳ ಸಲ ಬದಲಾಯಿಸಿದ್ದು ಕ್ರೋಮನ್ನು, ಗೂಗಲ್ ಅಲ್ಲೇ ಇರುತ್ತದೆ. ಎಡ್ಜ್ ಮೊದಲಿಗೆ ಬಿಂಗ್ ಇಟ್ಟಿರುತ್ತದೆ, ಬೇಡವಾದರೆ ಬದಲಿಸಿ. ಶುರುವಿನಲ್ಲಿ ಕಳೆದ ಸಲದ ಟ್ಯಾಬ್‌ಗಳೇ ತೆರೆಯುವಂತೆ ಮಾಡಿ. ಸೈಟ್‌ಗಳು ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳೋದನ್ನೇ ಪೂರ್ತಿ ಬಂದ್ ಮಾಡಿ. ಬಂದ್ ಮಾಡಿದ್ದಕ್ಕೆ ಬೇಜಾರಾದವರನ್ನು ನಾನು ಇನ್ನೂ ನೋಡಿಲ್ಲ.

ಎಕ್ಸ್‌ಟೆನ್ಶನ್ ಒಂದು, ಹೆಚ್ಚೆಂದರೆ ಎರಡು. ಮೊದಲ ವಾರದಲ್ಲಿ ಎಂಟು ತುಂಬಿದರೆ ಯಾವ ಸೈಟ್ ಯಾವುದರಿಂದ ಕೆಟ್ಟಿತು ಅಂತ ಬ್ರಹ್ಮನಿಗೂ ಗೊತ್ತಾಗೋದಿಲ್ಲ. ಎರಡು ಜಾಹೀರಾತು ತಡೆ ಒಟ್ಟಿಗೆ ಹಾಕೋದಂತೂ ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ಇಟ್ಟು ಇಬ್ಬರೂ ಜಗಳ ಆಡಿದ ಹಾಗೆ.

## ಹಂತ 7: ಏಳು ದಿನ, ಎರಡೂ ಜೊತೆಗೆ

ಹಂತ 1ರ ಹಾಳೆ ಹೊರಗೆ ತೆಗೆಯಿರಿ. ಒಂದೊಂದು ಸಾಲನ್ನೂ ಹೊಸ ಬ್ರೌಸರ್‌ನಲ್ಲಿ ಮಾಡಿ ಟಿಕ್ ಹಾಕಿ. ದುಡ್ಡಿನ ಕೆಲಸ ಮೊದಲ ದಿನ ಬೇಡ. ಬ್ಯಾಂಕ್‌ಗೆ ಹೋಗಿ ಸ್ಟೇಟ್‌ಮೆಂಟ್ ನೋಡಿ, ಇಳಿಸಿಕೊಳ್ಳಿ, ಹೊರಗೆ ಬನ್ನಿ. ಒಂದು ಪ್ರಿಂಟ್ ತೆಗೆಯಿರಿ. ಒಂದು ವಿಡಿಯೋ ಕಾಲ್ ಮಾಡಿ, ಮೈಕು ಕ್ಯಾಮೆರಾ ಅನುಮತಿ ಆಗಲೇ ಇತ್ಯರ್ಥವಾಗಲಿ.

ಇದನ್ನು ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ಭಾವನ ಕಥೆ ಇದೆ. ಸಣ್ಣ ಕಂಟ್ರಾಕ್ಟರ್. ಟೆಂಡರ್ ಹಾಕಲು ಡಿಜಿಟಲ್ ಸಹಿಯ ಡಾಂಗಲ್ ಇದೆ. ಜಾಹೀರಾತು ಕಾಟ ಅಂತ ನಾನೇ ಹೊಸ ಬ್ರೌಸರ್ ಹಾಕಿಕೊಟ್ಟಿದ್ದೆ. ಸಂಜೆ ಐದಕ್ಕೆ ಗಡುವು, ನಾಲ್ಕು ನಲವತ್ತಕ್ಕೆ ಫೋನ್. "ಅಲ್ವೋ, ಸಹಿ ಬಟನ್ ಒತ್ತಿದ್ರೆ ಏನೂ ಆಗ್ತಿಲ್ವಲ್ಲೋ!" ಡಾಂಗಲ್‌ನ ದೀಪ ಮಿಣುಕುತ್ತಿದೆಯಂತೆ, ಬಟನ್ ಒತ್ತಿದಾಗ ಒಳಕ್ಕೂ ಹೋಗುತ್ತದಂತೆ, ಕಿಟಕಿ ಮಾತ್ರ ಬರುತ್ತಿಲ್ಲ. ವಿಳಾಸಪಟ್ಟಿಯ ಬಲ ತುದಿಯಲ್ಲಿ ಏನಾದರೂ ಸಣ್ಣ ಚಿತ್ರ ಇದೆಯಾ ಅಂದೆ. "ಒಂದು ಡಬ್ಬಿ ಥರ ಇದೆ, ಕೆಂಪಗೆ." ಅದೇ. ಪಾಪ್‌ಅಪ್ (ಪುಟದ ಮೇಲೆ ಬೇರೆಯಾಗಿ ತೆರೆಯುವ ಕಿಟಕಿ) ತಡೆದಿದ್ದೇನೆ ಅಂತ ಬ್ರೌಸರ್ ಹೇಳುತ್ತಿತ್ತು. ಅನುಮತಿ ಕೊಟ್ಟಾಗ ನಾಲ್ಕು ಐವತ್ತಮೂರು. ಟೆಂಡರ್ ಗಡುವಿನೊಳಗೆ ಹೋಯಿತು, ಆದರೂ ಒಂದು ವಾರ ನನ್ನ ಜೊತೆ ಮಾತು ಕಮ್ಮಿ.

ಸೈಟ್ ಕೆಲಸ ಮಾಡದಿದ್ದರೆ ಈ ಕ್ರಮದಲ್ಲಿ ನೋಡಿ, ಒಂದೊಂದಾಗಿ:

1. ಪಾಪ್‌ಅಪ್ ತಡೆಯ ಗುರುತು ಇದೆಯಾ? ಆ ಸೈಟ್‌ಗೆ ಮಾತ್ರ ಅನುಮತಿ ಕೊಡಿ, ಎಲ್ಲಕ್ಕೂ ಬೇಡ.
2. ಜಾಹೀರಾತು ತಡೆಯನ್ನು ಆ ಸೈಟ್‌ನಲ್ಲಿ ಮಾತ್ರ ಆಫ್ ಮಾಡಿ, ಪುಟ ಮತ್ತೆ ತೆರೆಯಿರಿ.
3. ಖಾಸಗಿ (ಇನ್‌ಕಾಗ್ನಿಟೋ) ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ಹಳೇ ಕುಕಿ (ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಉಳಿಸಿಟ್ಟ ಗುರುತು) ಅಥವಾ ಎಕ್ಸ್‌ಟೆನ್ಶನ್ ಕಾರಣ. ಆ ಸೈಟ್‌ನ ಕುಕಿ ಮಾತ್ರ ಅಳಿಸಿ, ಎಲ್ಲವನ್ನೂ ಗುಡಿಸಬೇಡಿ.
4. ಡಿಜಿಟಲ್ ಸಹಿ ಆದರೆ ಡಾಂಗಲ್ ಜೊತೆ ಮಾತಾಡುವ ಸಣ್ಣ ತಂತ್ರಾಂಶ ಓಡುತ್ತಿದೆಯಾ ನೋಡಿ. ಜಿಎಸ್‌ಟಿಗಾದರೆ ಎಂಸೈನರ್. ಅದು ಬ್ರೌಸರ್ ಒಳಗೆ ಇರೋದಿಲ್ಲ, ಕಂಪ್ಯೂಟರ್‌ನಲ್ಲಿ ಬೇರೆ ಇರುತ್ತದೆ.
5. ಆಗಲಿಲ್ಲವಾ? ಬೇರೆ ಮನೆತನದ ಬ್ರೌಸರ್‌ನಲ್ಲಿ ತೆರೆಯಿರಿ.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬೇಕೇ ಬೇಕು ಅನ್ನುವ ಹಳೇ ಪುಟಗಳು ಇನ್ನೂ ಅಲ್ಲಲ್ಲಿ ಇವೆ. ಅದನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿಲ್ಲಿಸಿತು. ಎಡ್ಜ್‌ನ ಡೀಫಾಲ್ಟ್ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಐಇ ಮೋಡ್ ಅಂತ ಇದೆ, ಅಲ್ಲಿ ಆ ಪುಟದ ವಿಳಾಸ ಸೇರಿಸಬಹುದು. 30 ದಿನಕ್ಕೆ ಅದು ಪಟ್ಟಿಯಿಂದ ಬಿದ್ದುಹೋಗುತ್ತದೆ, ಮತ್ತೆ ಸೇರಿಸಬೇಕು. "ಹೋದ ತಿಂಗಳು ಆಗ್ತಿತ್ತು, ಈಗ ಆಗ್ತಿಲ್ಲ" ಅನ್ನೋದಕ್ಕೆ ಇದೇ ಕಾರಣ ಆಗಿರಬಹುದು.

ಮೂರನೇ ದಿನ ಹಳೇದಕ್ಕೆ ಓಡಿಹೋಗಬೇಕು ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ಬಟನ್ ಬೇರೆ ಕಡೆ ಇದೆ ಅನ್ನೋದು ಕಾರಣವಾದರೆ ತಡೆದುಕೊಳ್ಳಿ, ಕೈ ಕಲಿಯುತ್ತದೆ. ಹಾಳೆಯ ಮೊದಲ ಸಾಲಿನಲ್ಲಿ ಬರೆದ ಕೆಲಸವೇ ಆಗುತ್ತಿಲ್ಲ ಅನ್ನೋದು ಕಾರಣವಾದರೆ ತಡೆದುಕೊಳ್ಳಬೇಡಿ, ಎರಡನೇ ಹೆಸರಿಗೆ ಹೋಗಿ.

## ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ನೀವು ಮುಟ್ಟದಿದ್ದರೂ ಮುಖಪುಟ, ಹುಡುಕಾಟದ ಯಂತ್ರ ಬದಲಾಗಿದೆ. ಮನೆಯ ಕಂಪ್ಯೂಟರ್‌ನಲ್ಲಿ "ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ" ಅಂತ ಬರುತ್ತಿದೆ. ಕೆಲವು ಆಂಟಿವೈರಸ್‌ನಿಂದಲೂ ಹೀಗೆ ಬರುತ್ತದೆ, ಅದೂ ಇಲ್ಲ ಅಂದರೆ ಯಾವುದೋ ಬೇಡದ ತಂತ್ರಾಂಶ ಒಳಗೆ ಕೂತಿರಬಹುದು. "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಒಂದು ಪುಟ ಕೇಳುತ್ತಿದೆ. ಒತ್ತಬೇಡಿ, ಅದು ನೋಟಿಫಿಕೇಶನ್ ಬಲೆ. ವರ್ಷದಿಂದ ಇದ್ದ ಎಕ್ಸ್‌ಟೆನ್ಶನ್ ಇದ್ದಕ್ಕಿದ್ದಂತೆ "ಎಲ್ಲ ಸೈಟ್‌ಗಳ ಮಾಹಿತಿ ಓದಲು" ಹೊಸ ಅನುಮತಿ ಕೇಳಿದರೆ ತೆಗೆದುಹಾಕಿ, ಕಾರಣ ಆಮೇಲೆ ಹುಡುಕಿ.

## ಹಂತ 8: ಫೋನ್

ಕಂಪ್ಯೂಟರ್‌ನಲ್ಲಿ ಗೆದ್ದಿದ್ದನ್ನೇ ಫೋನ್‌ಗೂ ಹಾಕಿ, ಸಿಂಕ್ ಆನ್ ಮಾಡಿ, ಅಂದರೆ ಕಂಪ್ಯೂಟರ್, ಫೋನ್ ಎರಡರಲ್ಲೂ ಬುಕ್‌ಮಾರ್ಕ್, ಪಾಸ್‌ವರ್ಡ್ ಒಂದೇ ಥರ ಇರುವಂತೆ ಮಾಡಿ. ಫೈರ್‌ಫಾಕ್ಸ್ ಖಾತೆ ಕೇಳುತ್ತದೆ. ಬ್ರೇವ್ ಖಾತೆ ಕೇಳೋದಿಲ್ಲ, ಪದಗಳ ಉದ್ದನೆಯ ಸರವೊಂದನ್ನು ಅಥವಾ ಕ್ಯೂಆರ್ ಕೋಡ್ ಕೊಡುತ್ತದೆ. ಆ ಪದಸರ ಸಿಕ್ಕವರಿಗೆ ನಿಮ್ಮದೆಲ್ಲ ಸಿಗುತ್ತದೆ, ಅದರ ಫೋಟೋ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ. ಫೋನ್‌ನಲ್ಲಿ ಪಾಸ್‌ವರ್ಡ್ ತುಂಬುವ ಕೆಲಸ ಯಾರು ಮಾಡಬೇಕು ಅನ್ನೋದು ಬೇರೆಯೇ ಸೆಟ್ಟಿಂಗ್, ಆಟೋಫಿಲ್ ಅಂತ ಹುಡುಕಿ ಅದನ್ನೂ ಬದಲಿಸಿ. ಇದನ್ನು ಮರೆತರೆ ಅರ್ಧ ಪಾಸ್‌ವರ್ಡ್ ಹಳೇ ಮನೆಯಲ್ಲಿ, ಅರ್ಧ ಹೊಸ ಮನೆಯಲ್ಲಿ.

## ಹಂತ 9: ಡೀಫಾಲ್ಟ್ ಈಗ

ಎಂಟನೇ ದಿನ, ಹಾಳೆಯ ಮೊದಲ ಸಾಲಿಗೆಲ್ಲ ಟಿಕ್ ಬಿದ್ದಿದ್ದರೆ ಮಾತ್ರ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಆಪ್ಸ್, ಡೀಫಾಲ್ಟ್ ಆಪ್ಸ್. ಹೊಸ ಬ್ರೌಸರ್ ಹೆಸರು ಒತ್ತಿ ಸೆಟ್ ಡೀಫಾಲ್ಟ್ ಕೊಡಿ. ಪಿಡಿಎಫ್ ಬೇರೆ ಸಾಲಿನಲ್ಲಿರುತ್ತದೆ, ಅದು ಬಹುತೇಕ ಎಡ್ಜ್‌ನಲ್ಲೇ ಉಳಿದಿರುತ್ತದೆ, ಬೇಕಾದರೆ ಅದನ್ನೂ ಬದಲಿಸಿ. ಆಂಡ್ರಾಯ್ಡ್‌ನಲ್ಲೂ ಸೆಟ್ಟಿಂಗ್ಸ್ ಒಳಗೆ ಡೀಫಾಲ್ಟ್ ಆಪ್ಸ್ ಅಂತ ಹುಡುಕಿದರೆ ಸಿಗುತ್ತದೆ.

ಹಳೇ ಬ್ರೌಸರ್ ಕೀಳಬೇಡಿ. ಅದರಲ್ಲಿ "ಪಾಸ್‌ವರ್ಡ್ ಉಳಿಸಲಾ" ಅಂತ ಕೇಳೋದನ್ನು ಮಾತ್ರ ಆಫ್ ಮಾಡಿ, ಟಾಸ್ಕ್‌ಬಾರ್‌ನಿಂದ ತೆಗೆಯಿರಿ, ಅಪ್‌ಡೇಟ್ ಆಗುತ್ತಿರಲಿ. ಒಂದು ತಿಂಗಳು ಇರಲಿ, ಜಿಎಸ್‌ಟಿ ಟೆಂಡರ್ ಇರುವವರು ಒಂದು ಸುತ್ತು ಫೈಲಿಂಗ್ ಮುಗಿಯುವ ತನಕ ಇಡಿ. ಆಮೇಲೂ ಅದು ಹೊಸದಕ್ಕಿಂತ ಬೇರೆ ಮನೆತನದ್ದಾದರೆ ಸ್ಟೆಪ್ನಿ ಅಂತ ಇರಲಿ ಬಿಡಿ. ಕೀಳಲೇಬೇಕು ಅಂದರೆ ಮೊದಲು ಅದರೊಳಗೆ ಉಳಿದ ಪಾಸ್‌ವರ್ಡ್ ಅಳಿಸಬೇಕು, ಆದರೆ ಅದಕ್ಕೂ ಮುಂಚೆ ಸಿಂಕ್ ಆಫ್ ಮಾಡಿ. ಸಿಂಕ್ ಆನ್ ಇರುವಾಗ ಅಳಿಸಿದರೆ ಅದೇ ಖಾತೆ ಇರುವ ನಿಮ್ಮ ಫೋನ್‌ನಿಂದಲೂ ಅಳಿಸಿಹೋಗುತ್ತದೆ.